ಗಡಿಯ ಆಚೀಚೆಯ ಶಾಸಕರು ಒಟ್ಟಿಗೆ ಕೂರುವುದು ಯಾವಾಗ?

ಅಲೆವೂರು, ಮಣಿಪಾಲದ ಕಡೆಯವರಿಗೆ ಬೆಂಗಳೂರು ಸುಮಾರು ನಾನೂರು ಕಿಲೋಮೀಟರ್ ದೂರ. ಕೇರಳದ ಗಡಿಯಾದ ತಲಪಾಡಿ ಅದರ ಐದನೇ ಒಂದು ಪಾಲಿನಷ್ಟು ದೂರದಲ್ಲಿದೆ. ಕಾಪು ತಾಲೂಕಿನ ಎಲ್ಲೂರಿನಿಂದ ಹೊರಡುವ 400 ಕೆ.ವಿ. ವಿದ್ಯುತ್ ಮಾರ್ಗ ಕಾಸರಗೋಡು ಜಿಲ್ಲೆಯ ಕರಿಂದಳಕ್ಕೆ ಹೋಗುವಂಥದ್ದು. ಮಲ್ಪೆಯ ಬೋಟು ಗೋವಾ ದಾಟಿ ಮಾಲ್ವಣದ ಕಡಲಿನವರೆಗೂ ಮೀನು ಹುಡುಕುತ್ತದೆ. ಮಂಜೇಶ್ವರದ ರೋಗಿ ಚಿಕಿತ್ಸೆಗೆ ಮಂಗಳೂರಿಗೆ ಬರುತ್ತಾನೆ, ಅಲ್ಲಿಂದ ಕೆಲವೊಮ್ಮೆ ಮಣಿಪಾಲಕ್ಕೂ. ಹೀಗೆ ಕರಾವಳಿಯ ಬದುಕು ದಿನಕ್ಕೆ ಹತ್ತಾರು ಸಲ ರಾಜ್ಯದ ಗಡಿ ದಾಟುತ್ತದೆ. ಆದರೆ ಈ ಬದುಕಿಗೆ ಕಾನೂನು ಮಾಡುವವರು ಬೆಂಗಳೂರು, ತಿರುವನಂತಪುರ, ಮುಂಬೈ ಮತ್ತು ಗೋವಾದ ಪರ್ವರಿಯಲ್ಲಿ ತಂತಮ್ಮ ಸದನದೊಳಗೆ ಕುಳಿತು ಮಾತಾಡುತ್ತಾರೆ. ಎದುರು ಬದುರು ಕುಳಿತು ಮಾತಾಡುವ ವ್ಯವಸ್ಥೆ ಅವರಿಗಿಲ್ಲ.

ನೆರೆಯ ದೇಶಗಳ ಜನಪ್ರತಿನಿಧಿಗಳು ಆಗಾಗ ಸೇರಿ ಚರ್ಚಿಸಬೇಕು ಎಂಬುದು ಜಗತ್ತಿನಲ್ಲಿ ಹಳೆಯ ವಿಚಾರ. ಯುರೋಪಿನಲ್ಲಿ ಅದು ಸಂಸ್ಥೆಯ ರೂಪ ಪಡೆದು ಎಪ್ಪತ್ತು ವರ್ಷ ದಾಟಿತು. ನಮ್ಮ ರಾಜ್ಯಗಳು ದೇಶಗಳಲ್ಲ, ನಿಜ. ಆದರೂ ಜನಸಂಖ್ಯೆ, ಭಾಷೆ, ನದಿ, ಕಡಲು, ಪ್ರತ್ಯೇಕ ಶಾಸನಸಭೆ ಎಲ್ಲವನ್ನೂ ನೋಡಿದರೆ ಕರ್ನಾಟಕ ಮತ್ತು ಅದರ ಆರು ನೆರೆರಾಜ್ಯಗಳ ಸಂಬಂಧ ಅನೇಕ ದೇಶಗಳ ಸಂಬಂಧಕ್ಕಿಂತ ಜಟಿಲವಾದದ್ದು. ಈ ನೆರೆಹೊರೆಯಲ್ಲಿ ಶಾಸಕರಿಗೆ ಯಾವ ಪಾತ್ರವಿದೆ, ಯಾವುದು ಇರಬೇಕಿತ್ತು ಎಂಬುದನ್ನು ಒಮ್ಮೆ ಒಟ್ಟಾಗಿ ನೋಡುವುದು ಒಳ್ಳೆಯದು.

ಮಂಡಳಿಗಳಿವೆ, ಶಾಸಕರಿಲ್ಲ

ರಾಜ್ಯ ಪುನರ್ವಿಂಗಡಣೆಯಾದಾಗಲೇ ನೆರೆಯವರ ನಡುವೆ ತಕರಾರು ಹುಟ್ಟುತ್ತದೆ ಎಂಬುದು ಗೊತ್ತಿತ್ತು. ಹಾಗಾಗಿ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೇ ಐದು ವಲಯ ಮಂಡಳಿಗಳನ್ನು ಮಾಡಲಾಯಿತು. ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ, ಆರ್ಥಿಕ ಯೋಜನೆ ಇವೆಲ್ಲ ಅವುಗಳ ವ್ಯಾಪ್ತಿಗೆ ಬರುತ್ತವೆ. ಕೇಂದ್ರ ಗೃಹ ಸಚಿವರು ಅಧ್ಯಕ್ಷರು. ಪ್ರತಿ ರಾಜ್ಯದಿಂದ ಮುಖ್ಯಮಂತ್ರಿ ಮತ್ತು ಇನ್ನಿಬ್ಬರು ಸಚಿವರು ಸದಸ್ಯರು. ಮುಖ್ಯ ಕಾರ್ಯದರ್ಶಿಗಳು ಸಲಹೆಗಾರರು. ವಿರೋಧ ಪಕ್ಷಕ್ಕೆ ಇಲ್ಲಿ ಜಾಗವಿಲ್ಲ. ಗಡಿ ಕ್ಷೇತ್ರದ ಶಾಸಕ ಸಚಿವನಾಗಿರದಿದ್ದರೆ ಅವನಿಗೂ ಇಲ್ಲ. ದಕ್ಷಿಣ ವಲಯ ಮಂಡಳಿ 2021ರ ನವೆಂಬರಿನಲ್ಲಿ ತಿರುಪತಿಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ತಿರುವನಂತಪುರದಲ್ಲಿ ಸೇರಿತ್ತು. ಎರಡೂ ಸಭೆಗಳಲ್ಲಿ ಮಾತಾಡಿದ್ದು ಸರಕಾರಗಳು; ಸದನಗಳಲ್ಲ.

ಇನ್ನೊಂದು ತೊಡಕನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕರ್ನಾಟಕ ದಕ್ಷಿಣ ವಲಯ ಮಂಡಳಿಯಲ್ಲಿದೆ. ಮಹಾರಾಷ್ಟ್ರ ಮತ್ತು ಗೋವಾ ಪಶ್ಚಿಮ ವಲಯದಲ್ಲಿವೆ. ಬೆಳಗಾವಿಯ ತಕರಾರು ಮಹಾರಾಷ್ಟ್ರದೊಂದಿಗೆ, ಮಹದಾಯಿಯದು ಗೋವಾದೊಂದಿಗೆ, ಮಲ್ಪೆ ಬೋಟುಗಳ ಜಗಳ ಎರಡರೊಂದಿಗೂ. ಅಂದರೆ ಕರ್ನಾಟಕದ ದೊಡ್ಡ ವಿವಾದಗಳಲ್ಲಿ ಮೂರು, ಕರ್ನಾಟಕ ಸದಸ್ಯನಾಗಿರುವ ಮಂಡಳಿಯ ಹೊರಗೇ ಬೀಳುತ್ತವೆ.

ಇದಕ್ಕೆ ಮೇಲಿರುವುದು ಸಂವಿಧಾನದ 263ನೇ ವಿಧಿಯ ಅಂತರರಾಜ್ಯ ಮಂಡಳಿ. ಅದರ ಕತೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1983ರ ಮಾರ್ಚ್ 20ರಂದು ರಾಮಕೃಷ್ಣ ಹೆಗಡೆಯವರು ಬೆಂಗಳೂರಿನಲ್ಲಿ ದಕ್ಷಿಣದ ಮುಖ್ಯಮಂತ್ರಿಗಳ ಸಭೆ ಕರೆದರು. ಎನ್.ಟಿ. ರಾಮರಾವ್, ಎಂ.ಜಿ. ರಾಮಚಂದ್ರನ್ ಬಂದರು. ನಾಲ್ಕೇ ದಿನದಲ್ಲಿ ಇಂದಿರಾ ಗಾಂಧಿ ಕೇಂದ್ರ-ರಾಜ್ಯ ಸಂಬಂಧಗಳ ಪರಿಶೀಲನೆಗೆ ಸರ್ಕಾರಿಯಾ ಆಯೋಗವನ್ನು ಘೋಷಿಸಿದರು. ಆ ಆಯೋಗದ ಶಿಫಾರಸಿನ ಮೇಲೆ 1990ರಲ್ಲಿ ಅಂತರರಾಜ್ಯ ಮಂಡಳಿ ಬಂತು. ನೆರೆಯವರು ಸೇರಿದರೆ ದೆಹಲಿ ಕಿವಿಗೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಆ ಮಂಡಳಿಯ 11ನೇ ಸಭೆ ನಡೆದದ್ದು 2016ರ ಜುಲೈಯಲ್ಲಿ. ಅದಕ್ಕೆ ಹಿಂದಿನ ಸಭೆ ಆಗಿ ಹತ್ತು ವರ್ಷವಾಗಿತ್ತು. ಇಲ್ಲಿಯೂ ಕೂರುವವರು ಪ್ರಧಾನಿ, ಸಚಿವರು, ಮುಖ್ಯಮಂತ್ರಿಗಳು.

ಶಾಸನಸಭೆಗಳೇ ಸೇರುವ ವೇದಿಕೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪೀಠಾಸೀನಾಧಿಕಾರಿಗಳ ಅಖಿಲ ಭಾರತ ಸಮ್ಮೇಳನ 1921ರಲ್ಲಿ ಶಿಮ್ಲಾದಲ್ಲಿ ಆರಂಭವಾಯಿತು. ಲೋಕಸಭಾಧ್ಯಕ್ಷರು ಅದರ ಅಧ್ಯಕ್ಷರು. ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ 1977ರಿಂದ 1980ರವರೆಗೆ ಆ ಪೀಠದಲ್ಲಿದ್ದರು. ಕಾಮನ್‌ವೆಲ್ತ್ ಸಂಸದೀಯ ಸಂಘದ ಭಾರತ ವಲಯವೂ ಇದೆ. ಆದರೆ ಇಲ್ಲಿ ಚರ್ಚೆಯಾಗುವುದು ಸದನದ ಶಿಸ್ತು, ಪಕ್ಷಾಂತರ ನಿಷೇಧ, ಕಲಾಪದ ಡಿಜಿಟಲೀಕರಣ ಇಂಥವು. ಬೂತಾಯಿ ಮರಿಯ ಅಳತೆಯನ್ನೋ ಗಡಿಯಲ್ಲಿ ತಡೆದ ಆಂಬ್ಯುಲೆನ್ಸನ್ನೋ ಅಲ್ಲಿ ಯಾರೂ ಎತ್ತುವುದಿಲ್ಲ.

ನಿರ್ಣಯಕ್ಕೆ ಪ್ರತಿನಿರ್ಣಯ

ಒಟ್ಟಿಗೆ ಕೂರದ ಸದನಗಳು ಪರಸ್ಪರ ಮಾತಾಡುವುದು ನಿರ್ಣಯಗಳ ಮೂಲಕ. 2022ರ ಒಂದೇ ವರ್ಷ ನೋಡಿದರೆ ಸಾಕು. ಮಾರ್ಚ್ 21ರಂದು ತಮಿಳುನಾಡು ವಿಧಾನಸಭೆ ಮೇಕೆದಾಟು ಯೋಜನೆಯ ವಿರುದ್ಧ ನಿರ್ಣಯ ಮಾಡಿತು. ಮೂರು ದಿನ ಬಿಟ್ಟು ಕರ್ನಾಟಕ ವಿಧಾನಸಭೆ ಅದನ್ನು ಖಂಡಿಸಿ ತನ್ನ ನಿರ್ಣಯ ಮಾಡಿತು. ಡಿಸೆಂಬರ್ 22ರಂದು ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕ, ಗಡಿಯಲ್ಲಿ ಒಂದಿಂಚೂ ಬಿಡುವುದಿಲ್ಲ ಎಂದಿತು. 27ರಂದು ನಾಗಪುರದಲ್ಲಿ ಮಹಾರಾಷ್ಟ್ರ, ಗಡಿಯ ಮರಾಠಿ ಹಳ್ಳಿಗಳೆಲ್ಲ ತನಗೆ ಸೇರಬೇಕೆಂದಿತು. ನಾಲ್ಕೂ ನಿರ್ಣಯಗಳಿಗೆ ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಕೈ ಎತ್ತಲಾಯಿತು. ಸದನದೊಳಗೆ ಇಷ್ಟು ಒಗ್ಗಟ್ಟು ಬೇರೆ ದಿನ ಕಾಣುವುದು ಕಷ್ಟ.

ಈ ನಿರ್ಣಯಗಳಿಂದ ಮೇಕೆದಾಟುವಿನಲ್ಲಿ ಒಂದು ಕಲ್ಲೂ ಏಳಲಿಲ್ಲ, ಬೀಳಲಿಲ್ಲ. ಗಡಿಯೂ ಕದಲಲಿಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, ಚಂದ್ರಗಿರಿಯ ಉತ್ತರದ ಕಾಸರಗೋಡು ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತ್ತು. ಆ ಶಿಫಾರಸು ಹಾಗೆಯೇ ಉಳಿಯಿತು. ಬೆಳಗಾವಿ ಗಡಿಯ ಬಗ್ಗೆ 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಕಾವೇರಿಯ ಪಾಲನ್ನು 1990ರಲ್ಲಿ ನೇಮಕವಾದ ನ್ಯಾಯಾಧಿಕರಣ 2007ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ತಿದ್ದಿ ಕರ್ನಾಟಕಕ್ಕೆ 284.75 ಟಿಎಂಸಿ ಎಂದಿತು. ಮಹದಾಯಿಯಲ್ಲಿ 13.42 ಟಿಎಂಸಿಯನ್ನೂ ಹೇಳಿದ್ದು ನ್ಯಾಯಾಧಿಕರಣವೇ. ಶಾಸಕರು ಬಿಟ್ಟ ಜಾಗವನ್ನು ವಕೀಲರು ತುಂಬಿದ್ದಾರೆ. ನ್ಯಾಯಾಲಯ ಪಾಲು ಹಂಚಬಲ್ಲದು. ಮಳೆ ಕೈಕೊಟ್ಟ ವರ್ಷ ಎರಡೂ ಕಡೆಯ ರೈತ ಹೇಗೆ ಬದುಕಬೇಕು ಎಂಬುದನ್ನು ಮಾತಾಡಬೇಕಾದವರು ರಾಜಕಾರಣಿಗಳೇ.

ತಲಪಾಡಿಯ ಮಣ್ಣಿನ ರಾಶಿ

ಈ ಕೊರತೆಯ ಬೆಲೆ ಎಷ್ಟೆಂಬುದು 2020ರ ಮಾರ್ಚ್ ಕೊನೆಯಲ್ಲಿ ಗೊತ್ತಾಯಿತು. ಕಾಸರಗೋಡಿನಲ್ಲಿ ಕೋವಿಡ್ ಹೆಚ್ಚಿದಾಗ ಕರ್ನಾಟಕ ಗಡಿ ಮುಚ್ಚಿತು. ಹಲವು ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳನ್ನು ತಡೆಯಲಾಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ದೊಡ್ಡ ಕಾಯಿಲೆಗೆ ಆಸ್ಪತ್ರೆ ಎಂದರೆ ಮಂಗಳೂರೇ. ಡಯಾಲಿಸಿಸ್‌ನವರು, ಹೃದಯದ ಕಾಯಿಲೆಯವರು, ಹೆರಿಗೆಯವರು ಗಡಿಯಲ್ಲಿ ನಿಂತರು. ಚಿಕಿತ್ಸೆ ಸಿಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸಲು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಸರಗೋಡಿನ ಸಂಸದ ರಾಜ್‌ಮೋಹನ್ ಉಣ್ಣಿತ್ತಾನ್ ಅವರೂ ಅಲ್ಲಿಗೆ ಅರ್ಜಿ ಹಾಕಿದರು. ರೋಗಿಗಳನ್ನು ಬಿಡುವ ಕ್ರಮವೊಂದಕ್ಕೆ ಒಪ್ಪಿಗೆಯಾಗಿದೆ ಎಂದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು.

ಜನರಿಂದ ಆರಿಸಿ ಬಂದ ಸಂಸದನೊಬ್ಬ ಪಕ್ಕದ ಜಿಲ್ಲೆಯ ಆಸ್ಪತ್ರೆಯ ಬಾಗಿಲಿಗಾಗಿ ದೆಹಲಿಯ ಕೋರ್ಟಿಗೆ ಹೋಗಬೇಕಾಯಿತು. ಗಡಿಯ ಎರಡೂ ಬದಿಯ ಐದಾರು ಶಾಸಕರು, ಇಬ್ಬರು ಸಂಸದರು ಒಂದು ಕೋಣೆಯಲ್ಲಿ ಕುಳಿತು ಮೊದಲ ದಿನವೇ ಇತ್ಯರ್ಥ ಮಾಡಬಹುದಾಗಿದ್ದ ಸಂಗತಿ ಅದು. ಅವರಿಗೆ ಅಂಥ ರೂಢಿಯೇ ಇರಲಿಲ್ಲ. 2021ರಲ್ಲಿ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾದಾಗ ದಿನಾ ಕೆಲಸಕ್ಕೆ, ಕಾಲೇಜಿಗೆ ಬರುವವರು ತಲಪಾಡಿಯಲ್ಲಿ ಮತ್ತೆ ಪ್ರತಿಭಟನೆಗೆ ನಿಂತರು. ಅದಕ್ಕೂ ಆದೇಶ ಬಂದದ್ದು ಬೆಂಗಳೂರಿನಿಂದ.

ಎಂಡೋಸಲ್ಫಾನಿನದ್ದೂ ಇದೇ ಕತೆ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ವಿಷ ಕಾಸರಗೋಡಿನ ಎಣ್ಮಕಜೆಯಲ್ಲೂ ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಮನೆಮನೆಗಳನ್ನು ಹಾಳುಗೆಡವಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದ ಸಂತ್ರಸ್ತರಿಗೆ ಮಾಸಾಶನ, ಕೊಕ್ಕಡ, ಕೊಯಿಲದಲ್ಲಿ ಪಾಲನಾ ಕೇಂದ್ರ ಎಂಬ ಬೇರೆಯೇ ವ್ಯವಸ್ಥೆ. ವಿಷ ಒಂದೇ, ಕಾಯಿಲೆ ಒಂದೇ, ಪರಿಹಾರ ಮಾತ್ರ ಪಂಚಾಯತಿನ ಬೋರ್ಡಿನ ಮೇಲೆ ಯಾವ ರಾಜ್ಯದ ಹೆಸರಿದೆ ಎಂಬುದನ್ನು ನೋಡಿ ಬರುತ್ತದೆ. ಎಲ್ಲೂರು-ಕರಿಂದಳ ವಿದ್ಯುತ್ ಮಾರ್ಗಕ್ಕೆ ಕಾರ್ಕಳ ತಾಲೂಕಿನ ಇನ್ನಾದಲ್ಲಿ ಕೃಷಿಕರು ತಡೆಯೊಡ್ಡಿದ್ದರ ಹಿಂದೆಯೂ ಇಂಥ ಪ್ರಶ್ನೆಯಿದೆ. ಟವರಿಗೆ ಜಾಗ ಕೊಡುವವರು ಇಲ್ಲಿ, ಕರೆಂಟು ಸೇರುವುದು ಅಲ್ಲಿ. ತಂತಿಯ ಕೆಳಗೆ ಬರುವ ಅಡಿಕೆ ತೋಟಕ್ಕೆ ಎಷ್ಟು ಪರಿಹಾರ ಎಂಬುದನ್ನು ಎರಡೂ ರಾಜ್ಯದವರು ಕೂತು ಒಂದೇ ಲೆಕ್ಕದಲ್ಲಿ ಹೇಳಿದ್ದಿಲ್ಲ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಮಲಯಾಳ ಕಡ್ಡಾಯದ ಕಾನೂನು 2017ರಲ್ಲಿ ತಿರುವನಂತಪುರದಲ್ಲಿ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಆ ಸದನದಲ್ಲಿ ಕನ್ನಡದ ದನಿ ಇಲ್ಲದೆ ಇಲ್ಲ. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಆದರೆ 140 ಮಂದಿಯ ಸದನದಲ್ಲಿ ಒಬ್ಬರ ದನಿಗೆ ಎಷ್ಟು ಬಲ? ಕರ್ನಾಟಕದ ಶಾಸಕರು ಹೊರಗಿನಿಂದ ಹೇಳಿದ್ದು ಒತ್ತಾಯವಾಗಿ ಕೇಳಿಸುತ್ತದೆ. ಒಟ್ಟಿಗೆ ಕೂತು ಹೇಳಿದ್ದರೆ ಸಲಹೆಯಾಗಿ ಕೇಳಿಸುತ್ತಿತ್ತು.

ಒಂದೇ ಕಡಲು, ನಾಲ್ಕು ಕಾಯ್ದೆ

ಉಡುಪಿಯವರಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ ಕಡಲು. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯಗಳ ಅಧಿಕಾರ, ಅದರಾಚೆ ಕೇಂದ್ರದ್ದು. ಕೇರಳ ಮತ್ತು ಗೋವಾ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ಕರ್ನಾಟಕ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣಕ್ಕೆ ತಂತಮ್ಮ ಕಾಯ್ದೆ ಮಾಡಿಕೊಂಡವು. ಮೀನಿಗೆ ಈ ಗಡಿಗಳು ಗೊತ್ತಿಲ್ಲ.

ಕರ್ನಾಟಕದಲ್ಲಿ ಮಳೆಗಾಲದ ಯಾಂತ್ರಿಕ ಮೀನುಗಾರಿಕೆಗೆ ರಜೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ, 52 ದಿನ. ಮಲ್ಪೆಯ ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ಕೇರಳದ ಟ್ರಾಲರುಗಳು ಇನ್ನೂ ಕಡಲಲ್ಲಿರುತ್ತವೆ. 2015ರಲ್ಲಿ ಕೇರಳ ಮರಿಮೀನು ಹಿಡಿಯದಂತೆ ಕನಿಷ್ಠ ಅಳತೆ ತಂದಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಒಳ್ಳೆಯ ನಿಯಮವೇ. ಆದರೆ ಒಂದು ರಾಜ್ಯ ಉಳಿಸಿದ ಮರಿಯನ್ನು ಪಕ್ಕದ ರಾಜ್ಯದ ಬಲೆ ಎತ್ತುವುದಾದರೆ ಉಳಿಸಿದವನಿಗೆ ದಕ್ಕುವುದೇನು? ಲೈಟ್ ಫಿಶಿಂಗ್, ಬುಲ್ ಟ್ರಾಲಿಂಗ್‌ಗಳನ್ನು ಕೇಂದ್ರ 2017ರಲ್ಲಿ ನಿಷೇಧಿಸಿತು. ಅದನ್ನು ಜಾರಿ ಮಾಡುವ ಬಿಗಿ ಒಂದೊಂದು ಬಂದರಿನಲ್ಲಿ ಒಂದೊಂದು ಬಗೆ. 2021ರಲ್ಲಿ ಮಹಾರಾಷ್ಟ್ರ ತನ್ನ ಕಾಯ್ದೆಗೆ ತಿದ್ದುಪಡಿ ತಂದು ದಂಡ ಹೆಚ್ಚಿಸಿತು. ಅದರ ಬಿಸಿ ಮಲ್ಪೆಯ ಬೋಟಿನವರಿಗೂ ತಟ್ಟಿತು. ತಿದ್ದುಪಡಿಯ ಚರ್ಚೆಯಲ್ಲಿ ಅವರ ಪರವಾಗಿ ಮಾತಾಡುವವರು ಮುಂಬೈಯಲ್ಲಿ ಯಾರೂ ಇರಲಿಲ್ಲ.

ಸುವರ್ಣ ತ್ರಿಭುಜ ಬೋಟಿನ ಪ್ರಕರಣವನ್ನು ಕರಾವಳಿ ಮರೆತಿಲ್ಲ. 2018ರ ಡಿಸೆಂಬರ್ 13ರಂದು ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೊರಟ ಬೋಟು 15ರ ರಾತ್ರಿಯ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ಉಡುಪಿಯ ಪೊಲೀಸರು ಗೋವಾ, ಮಹಾರಾಷ್ಟ್ರಗಳಲ್ಲಿ ಹುಡುಕಿದರು. ಹೊರರಾಜ್ಯದವರು ಬೋಟನ್ನು ಹಿಡಿದಿಟ್ಟಿರಬಹುದು ಎಂಬ ಸಂಶಯ ಮಲ್ಪೆಯಲ್ಲಿ ಬೆಳೆಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮೀನುಗಾರಿಕೆ ನಿಲ್ಲಿಸಿ ಹೆದ್ದಾರಿಯಲ್ಲಿ ಕುಳಿತರು. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣದ ಸಮೀಪ ಕಡಲಾಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಏಳು ಮನೆಯವರು ನಾಲ್ಕೂವರೆ ತಿಂಗಳು ಕಾದಿದ್ದರು. ಮೂರು ರಾಜ್ಯಗಳ ಕರಾವಳಿ ಶಾಸಕರ ನಡುವೆ ಮಾತಿನ ಬಳಕೆ ಇದ್ದಿದ್ದರೆ ಬೋಟು ಉಳಿಯುತ್ತಿತ್ತೆಂದು ಹೇಳಲಾಗದು. ಸಂಶಯವಂತೂ ಅಷ್ಟು ಬೆಳೆಯುತ್ತಿರಲಿಲ್ಲ.

ಕೂಡಿ ಮಾಡಿದ್ದೂ ಇದೆ

ನೆರೆಯ ರಾಜ್ಯಗಳು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಉಡುಪಿ-ಮಣಿಪಾಲದ ನಡುವೆ ಇಂದ್ರಾಳಿಯಲ್ಲಿ ಹಾಯುವ ಹಳಿಯೇ ಉದಾಹರಣೆ. 1990ರಲ್ಲಿ ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರದ್ದು 51 ಶೇಕಡ ಬಂಡವಾಳ, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳ ತಲಾ 6. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ 741 ಕಿಲೋಮೀಟರ್ ಹಾದಿಯನ್ನು ಇ. ಶ್ರೀಧರನ್ ಮುಗಿಸಿಕೊಟ್ಟು, 1998ರ ಜನವರಿಯಲ್ಲಿ ರೈಲು ಪೂರ್ತಿ ಓಡಿತು. ಈ ಹಳಿಯ ಒಂದು ಮೀಟರೂ ಕೇರಳದೊಳಗಿಲ್ಲ. ಆದರೂ ಕೇರಳ ಹಣ ಹಾಕಿತು, ಏಕೆಂದರೆ ಮುಂಬೈಗೆ ಹೋಗುವ ತನ್ನ ಜನಕ್ಕೆ ಅದರಿಂದ ಲಾಭವಿತ್ತು. ನಾಲ್ಕು ರಾಜ್ಯಗಳು ಎರಡು ಬೇರೆ ವಲಯ ಮಂಡಳಿಗಳಿಗೆ ಸೇರಿದ್ದವು, ಅದೂ ಅಡ್ಡಿಯಾಗಲಿಲ್ಲ. ಎಲ್ಲರಿಗೂ ಪಾಲಿರುವ, ಲೆಕ್ಕಕ್ಕೆ ಸಿಗುವ ಕೆಲಸ ಮುಂದಿದ್ದರೆ ನೆರೆಯವರು ಕೂಡುತ್ತಾರೆ.

ಸದನಗಳೇ ಕೂಡಿ ಕಾನೂನು ಮಾಡಿಸಿಕೊಳ್ಳುವ ದಾರಿಯೂ ಸಂವಿಧಾನದಲ್ಲಿದೆ. 252ನೇ ವಿಧಿಯಂತೆ ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಂಡರೆ, ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಆ ರಾಜ್ಯಗಳಿಗೆ ಸಮಾನ ಕಾನೂನು ಮಾಡಬಹುದು. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು ಹೀಗೆಯೇ. ಕೇಳಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕವೂ ಕೇರಳವೂ ಇದ್ದವು. ಆಗ ಮಾಡಿದ ನಿರ್ಣಯಕ್ಕೂ 2022ರ ನಿರ್ಣಯಗಳಿಗೂ ಎಷ್ಟು ಅಂತರ! ಆವತ್ತು ಸದನಗಳು ಒಟ್ಟಿಗೆ ಕಾನೂನು ಕೇಳಿದವು, ಈಗ ಒಂದರ ಮೇಲೊಂದು ದೂರು ಹೇಳುತ್ತಿವೆ.

ರಾಜಕಾರಣಿಗಳು ಕೂರದಾಗ ರೈತರು ಕೂತ ನಿದರ್ಶನವೂ ಉಂಟು. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಕರ್ನಾಟಕ, ತಮಿಳುನಾಡಿನ ರೈತರು ಸೇರಿ ಕಾವೇರಿ ಕುಟುಂಬ ಕಟ್ಟಿಕೊಂಡರು. ಪರಸ್ಪರರ ಗದ್ದೆ, ಅಣೆಕಟ್ಟು ನೋಡಿ ಬಂದರು. ಅವರಿಂದ ಒಪ್ಪಂದವೇನೂ ಆಗಲಿಲ್ಲ, ಒಪ್ಪಂದ ಮಾಡುವ ಅಧಿಕಾರ ಅವರಿಗಿರಲಿಲ್ಲ. ಆ ಅಧಿಕಾರ ಇದ್ದವರು ಕೂರಲಿಲ್ಲ.

ಹೊರಗಿನ ಪಾಠ

ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಐಸ್‌ಲ್ಯಾಂಡಿನ ಸಂಸದರು 1952ರಲ್ಲಿ ನಾರ್ಡಿಕ್ ಕೌನ್ಸಿಲ್ ಕಟ್ಟಿಕೊಂಡರು. 1955ರಲ್ಲಿ ಫಿನ್ಲೆಂಡ್ ಸೇರಿತು. ಈಗ ಅದರಲ್ಲಿ 87 ಸದಸ್ಯರಿದ್ದಾರೆ, ಎಲ್ಲರೂ ಆಯಾ ಸಂಸತ್ತಿನಿಂದ, ವಿರೋಧ ಪಕ್ಷದವರೂ ಸೇರಿ. ಕಾನೂನು ಮಾಡುವ ಅಧಿಕಾರ ಅದಕ್ಕಿಲ್ಲ, ಶಿಫಾರಸು ಮಾತ್ರ. ಆದರೂ ಪಾಸ್‌ಪೋರ್ಟ್ ಇಲ್ಲದ ಓಡಾಟ, ಒಂದು ದೇಶದವರು ಇನ್ನೊಂದರಲ್ಲಿ ಕೆಲಸ ಮಾಡುವ ಸ್ವಾತಂತ್ರ್ಯ ಆ ದೇಶಗಳಿಗೆ ಐವತ್ತರ ದಶಕದಲ್ಲೇ ಬಂತು. 1987ರಿಂದ ಜಾರಿಯಲ್ಲಿರುವ ಭಾಷಾ ಒಪ್ಪಂದದಂತೆ ಒಂದು ದೇಶದ ಪ್ರಜೆ ನೆರೆದೇಶದ ಕಚೇರಿಯಲ್ಲಿ ತನ್ನ ಭಾಷೆಯಲ್ಲೇ ವ್ಯವಹರಿಸಲು ಅವಕಾಶ ಕೇಳಬಹುದು. ಕಾಸರಗೋಡಿನ ಗ್ರಾಮ ಕಚೇರಿಯಲ್ಲಿ ಕನ್ನಡ ಅರ್ಜಿ ಹಿಡಿದು ನಿಂತವರಿಗೆ ಇದರ ಬೆಲೆ ತಿಳಿಯುತ್ತದೆ.

ಉಲ್ಟಾ ಪಾಠವೂ ಇದೆ. ಸಾರ್ಕ್ ದೇಶಗಳ ಸಭಾಧ್ಯಕ್ಷರು ಮತ್ತು ಸಂಸದರ ಸಂಘ 1992ರಲ್ಲಿ ಸ್ಥಾಪನೆಯಾಯಿತು. ಭಾರತ-ಪಾಕಿಸ್ತಾನದ ಜಗಳದಲ್ಲಿ 2014ರ ಬಳಿಕ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. ಸಂಘ ಯಾರ ನೆನಪಿನಲ್ಲೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಜಗಳಕ್ಕೆ ಸಿಲುಕಿದ ವೇದಿಕೆ ಉಳಿಯುವುದಿಲ್ಲ. ನಮ್ಮ ದೇಶದೊಳಗೆ ಈಶಾನ್ಯ ರಾಜ್ಯಗಳ ಶಾಸಕರು 1997ರಿಂದ ಕಾಮನ್‌ವೆಲ್ತ್ ಸಂಸದೀಯ ಸಂಘದ ಪ್ರಾದೇಶಿಕ ವೇದಿಕೆಯಲ್ಲಿ ಸೇರುತ್ತ ಬಂದಿದ್ದಾರೆ. ಅಸ್ಸಾಂ ಮತ್ತು ಅದರ ನೆರೆಯವರ ಗಡಿ ಜಗಳ ನಮ್ಮದಕ್ಕಿಂತ ಬಿರುಸಾದದ್ದು, ಆದರೂ ಅವರಿಗೆ ಕೂರಲೊಂದು ಜಾಗವಿದೆ. ದಕ್ಷಿಣ ಮತ್ತು ಪಶ್ಚಿಮ ಕರಾವಳಿಗೆ ಅಂಥದ್ದು ಬೇಡವೇ?

ಆಕ್ಷೇಪಗಳು ಮತ್ತು ಒಂದು ದಾರಿ

ಇದರ ವಿರುದ್ಧ ಹೇಳಲು ಮಾತುಗಳಿವೆ. ಗಡಿ ಜಗಳದಿಂದ ಓಟು ಬರುತ್ತದೆ, ಮೀನಿನ ಅಳತೆಯಿಂದ ಬರುವುದಿಲ್ಲ. ರಾಜ್ಯರಾಜ್ಯಗಳಲ್ಲಿ ಬೇರೆ ಬೇರೆ ಪಕ್ಷಗಳು ಆಳುತ್ತವೆ. ಶಾಸಕರಿಗೆ ಇನ್ನೊಂದು ಪ್ರವಾಸ ಭತ್ಯೆ ಸಿಕ್ಕೀತು, ಅಷ್ಟೇ ಎನ್ನುವವರೂ ಇದ್ದಾರೆ. ಕೊನೆಯದನ್ನು ತಳ್ಳಿಹಾಕುವಂತಿಲ್ಲ. ಸದನ ಸಮಿತಿಗಳು ಅಧ್ಯಯನ ಪ್ರವಾಸವೆಂದು ಹೊರರಾಜ್ಯಕ್ಕೆ ಈಗಲೂ ಹೋಗುತ್ತವೆ, ಅಲ್ಲಿನ ಸಮಿತಿಯೊಂದಿಗೆ ಕೂತು ಒಂದು ಕಡತ ಮುಗಿಸಿ ಬಂದ ಸುದ್ದಿ ಕೇಳಿಬರುವುದಿಲ್ಲ. ಪಕ್ಷಭೇದದ ಮಾತಿಗಾದರೆ ಉತ್ತರವಿದೆ. ಕ್ಷೇತ್ರ ಮರುವಿಂಗಡಣೆಯ ಪ್ರಶ್ನೆ ಬಂದಾಗ 2025ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ದಕ್ಷಿಣದ ಬೇರೆ ಬೇರೆ ಪಕ್ಷಗಳ ನಾಯಕರು ಒಂದೇ ಸಾಲಿನಲ್ಲಿ ಕುಳಿತರು, ಕರ್ನಾಟಕದ ಉಪಮುಖ್ಯಮಂತ್ರಿಯೂ ಹೋಗಿದ್ದರು. ತಮ್ಮ ಸೀಟಿನ ಲೆಕ್ಕಕ್ಕೆ ಸೇರಬಲ್ಲವರು ಜನರ ಆಸ್ಪತ್ರೆಯ ಲೆಕ್ಕಕ್ಕೂ ಸೇರಬಹುದು.

ಆದ್ದರಿಂದ ವೇದಿಕೆ ಚಿಕ್ಕದಾಗಿರಲಿ. ಕಾವೇರಿ, ಬೆಳಗಾವಿ ಅದಕ್ಕೆ ಬೇಡ, ಅವು ಕೋರ್ಟಿಗೆ ಹೋದ ವಿಷಯಗಳು. ಮೊದಲು ಕಡಲು. ಸಿಂಧುದುರ್ಗದಿಂದ ಕಾಸರಗೋಡಿನವರೆಗಿನ ಕರಾವಳಿ ಶಾಸಕರು, ಆಡಳಿತ ಮತ್ತು ವಿರೋಧ ಪಕ್ಷದವರು ಇಬ್ಬರೂ, ಮೀನುಗಾರಿಕೆ ರಜೆಯಲ್ಲಿ ವರ್ಷಕ್ಕೊಮ್ಮೆ ಸೇರಲಿ. ರಜೆಯ ದಿನಗಳು, ಮರಿಮೀನಿನ ಅಳತೆ, ಹಿಡಿದ ಬೋಟುಗಳ ಬಿಡುಗಡೆ, ಕಾಣೆಯಾದವರ ಹುಡುಕಾಟ, ಈ ನಾಲ್ಕೇ ವಿಷಯ. ಅಲ್ಲಿ ಆದ ಮಾತಿನ ವರದಿ ನಾಲ್ಕೂ ಸದನಗಳಲ್ಲಿ ಮಂಡನೆಯಾಗಲಿ, ಆಗ ಅದು ಪ್ರವಾಸವಾಗಿ ಉಳಿಯುವುದಿಲ್ಲ. ಒಮ್ಮತ ಬಂದರೆ 252ನೇ ವಿಧಿ ಇದ್ದೇ ಇದೆ. ಇದು ನಡೆದರೆ ಮಂಜೇಶ್ವರ-ಮಂಗಳೂರು ಶಾಸಕರ ಆರೋಗ್ಯ ಸಮಿತಿಯೊಂದು ಎರಡನೆಯ ಹೆಜ್ಜೆಯಾದೀತು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ದೆಹಲಿಯ ಅಪ್ಪಣೆ ಬೇಡ. ನಾಲ್ಕು ಸಭಾಧ್ಯಕ್ಷರು ಪತ್ರ ಬರೆದುಕೊಂಡರೆ ಸಾಕು.

ಮುಂದಿನ ಚುನಾವಣೆಯಲ್ಲಿ ಉಡುಪಿ, ಕಾಪು, ಕಾರ್ಕಳದ ಅಭ್ಯರ್ಥಿಗಳು ಮನೆಗೆ ಬಂದಾಗ ರಸ್ತೆ, ನೀರಿನ ಜೊತೆ ಒಂದು ಪ್ರಶ್ನೆಯನ್ನೂ ಕೇಳಿ: ಕಾಸರಗೋಡಿನ, ಗೋವಾದ, ಸಿಂಧುದುರ್ಗದ ಶಾಸಕರೊಡನೆ ನೀವು ಯಾವತ್ತಾದರೂ ಒಂದೇ ಕೋಣೆಯಲ್ಲಿ ಕೂತು ನಮ್ಮ ವಿಷಯ ಮಾತಾಡಿದ್ದೀರಾ? ಇಲ್ಲ ಎಂದರೆ, ಯಾವಾಗ ಮಾತಾಡುತ್ತೀರಿ?